ಹನ್ನೆರಡೂವರೆಯ ಸಂದೇಶಗಳು

ಮೂವತ್ತೊಂದು ವರ್ಷ ಓದಿದೆ.
ಮುಳ್ಳು ಹನ್ನೆರಡೂವರೆಗೆ ಬಂತೆಂದರೆ
ಚಿಲೊಯೆಯ ಪೂರ್ವದ ಚಿಕ್ಕ ದ್ವೀಪಗಳಲ್ಲಿ
ಆಲೂಗೆಡ್ಡೆ ಸುಲಿಯುವ ಚಾಕು ನಿಲ್ಲುತ್ತಿತ್ತು.
ಒಲೆಯ ಪಕ್ಕ ಕಾಯಿಸಿಟ್ಟ ಹಳೆಯ ಸೆಲ್ಲುಗಳು
ರೇಡಿಯೊದ ಬೆನ್ನಿಗೆ ಸೇರುತ್ತಿದ್ದವು,
ಇನ್ನರ್ಧ ಗಂಟೆ ಜೀವ ಹಿಡಿಯಲೆಂದು.

‘ನೆಕ್ತಾರಿಯೊ ಗಿನೆಯೊ ಅವರಿಗೆ:
ಹೆಂಡತಿ ಗುರುವಾರದ ದೋಣಿಗೆ ಬರುತ್ತಾಳೆ.
ದಡಕ್ಕೆ ಕುದುರೆ ತರುವುದು. ಹೊಲಿಗೆ ಯಂತ್ರವಿದೆ.’
‘ರೊಸಾಲ್ಬಾ ಅವರಿಗೆ:
ಹಂದಿ ಮಾರಬೇಡ. ಕಾರಣ ಬಂದಮೇಲೆ.’
ಚೀಟಿಗೆ ಮುನ್ನೂರು ಪೆಸೊ,
ಕಾಸಿಲ್ಲದವರದ್ದು ಮೊಟ್ಟೆಯಲ್ಲೂ ನಡೆಯುತ್ತಿತ್ತು.
ಒಬ್ಬನಿಗೆ ಹೇಳಿದ್ದನ್ನು ಹದಿನಾಲ್ಕು ದ್ವೀಪ ಕೇಳುತ್ತಿದ್ದವು.
ನಾಚಿಕೆಯೇನಿಲ್ಲ.
ನೆಕ್ತಾರಿಯೊ ಕುಡಿದು ಮಲಗಿದ್ದರೂ
ಯಾರದೋ ಒಂದು ಕುದುರೆ ದಡದಲ್ಲಿರುತ್ತಿತ್ತು.

ಸಾವನ್ನು ಮಾತ್ರ ನಾನು ಓದಲಿಲ್ಲ.
ಚೀಟಿಯಲ್ಲಿ ‘ತೀರಿಕೊಂಡರು’ ಅಂತಿದ್ದರೆ
ನಾಲಿಗೆ ಒಮ್ಮೆ ಕೆಮ್ಮಿ,
‘ಬಹಳ ಹುಷಾರಿಲ್ಲ, ಕೂಡಲೇ ಬನ್ನಿ’ ಅನ್ನುತ್ತಿತ್ತು.
ಅದರರ್ಥ ಎಲ್ಲರಿಗೂ ಗೊತ್ತು.
ಗೊತ್ತಿದ್ದೂ, ದೋಣಿಯ ಆ ಮೂರು ತಾಸು
ಗೊತ್ತಿಲ್ಲದವರಂತೆ ಕೂತಿರಬಹುದಿತ್ತು,
ಬುತ್ತಿ ಬಿಚ್ಚಿ ಪಕ್ಕದವರಿಗೆ ಕೊಡಬಹುದಿತ್ತು.
ನಿಜವಾಗಿಯೂ ಕಾಯಿಲೆ ಬಿದ್ದವರಿಗೋ?
ಅವರಿಗೆಲ್ಲ ‘ಸ್ವಲ್ಪ ನೆಗಡಿ’.

ಆಮೇಲೆ ಯಾನೀನಾ ಬಂದಳು,
ಯಜಮಾನರ ಮೊಮ್ಮಗಳು, ವಾಲ್ದಿವಿಯಾದಲ್ಲಿ ಓದಿದವಳು.
ಪ್ರಸಾರದ ಕಂಬ ಗುಜರಿಗೆ ಹೋಯಿತು.
ಸುದ್ದಿ ಫೋನಿಗೆ ಬಂತು, ಎಲ್ಲ ಹೊತ್ತೂ.
ಎಷ್ಟು ಜನ ಕೇಳಿದರು,
ಎಷ್ಟನೆಯ ಸೆಕೆಂಡಿಗೆ ಎದ್ದುಹೋದರು,
ಅದಕ್ಕೂ ಒಂದು ಲೆಕ್ಕ, ಹಸಿರು ಗೆರೆಯಲ್ಲಿ.
ಶವಯಾತ್ರೆಯ ಸಮಯದ ಕೆಳಗೆ
ಸಾಲ್ಮನ್ ಕಂಪನಿಯ ಜಾಹೀರಾತು ನಗುತ್ತಿರುತ್ತದೆ.

ಕೆಟ್ಟವಳಲ್ಲ, ಸುಳ್ಳು ಹೇಳಬಾರದು.
ಕಡಲಿಗೆ ಕೆಂಪು ವಿಷ ಏರಿದ ರಾತ್ರಿ
ಯಾವ ದಡದ ಚಿಪ್ಪು ಮುಟ್ಟಬಾರದೆಂದು
ನಕ್ಷೆ ಬಿಡಿಸಿ ಮನೆಮನೆಗೆ ಮುಟ್ಟಿಸಿದಳು.
ನನ್ನ ಹನ್ನೆರಡೂವರೆಗೆ ಕಾದಿದ್ದರೆ
ಬೆಳಗಿನ ಸಾರು ಆಗಲೇ ಉಂಡಾಗಿರುತ್ತಿತ್ತು.

ಹೊರಡುವ ಮುನ್ನ ಮೂರು ಮಧ್ಯಾಹ್ನ ಕೂರಿಸಿ ಓದಿಸಿದಳು:
ವಾರಗಳು, ಅಂಕಿಗಳು, ದ್ವೀಪಗಳ ಹೆಸರು,
ಅರ್ಥವಿಲ್ಲದ ಇನ್ನೂರು ಸಾಲು.
ಈಗ ನಾನಿಲ್ಲದೆ ನನ್ನ ದನಿ ಓದುತ್ತದೆ.
ಕೆಮ್ಮುವುದಿಲ್ಲ.
‘ತೀರಿಕೊಂಡರು’ ಅಂತಿದ್ದರೆ ತೀರಿಕೊಂಡರು.
ಚೀಟಿಯ ಗುಟ್ಟು ಹೇಳಿಕೊಟ್ಟಿದ್ದೆ, ಒಪ್ಪಲಿಲ್ಲ:
‘ದೋನ್ಯಾ ಎಡೆಲ್ಮಿರಾ, ಸುದ್ದಿಯೆಂದರೆ ಇದ್ದದ್ದು ಇದ್ದ ಹಾಗೆ.’
ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೇ ಒದೆಯುತ್ತದೆ, ಮಗಳೇ,
ಅಂದೆ. ನಕ್ಕಳು. ಅದನ್ನೂ ಧ್ವನಿಮುದ್ರಿಸಿಕೊಂಡಳು.

ನಿನ್ನೆ ಹಿತ್ತಿಲಲ್ಲಿ ಬೆಳ್ಳುಳ್ಳಿ ಜಡೆ ಹೆಣೆಯುತ್ತಿದ್ದೆ.
ನನ್ನ ಫೋನು ಹಿಟ್ಟಿನ ಡಬ್ಬಿಯ ಮೇಲೆ ಸತ್ತು ಬಿದ್ದಿತ್ತು.
ಪಕ್ಕದ ಮನೆಯ ಕಿಟಕಿಯಿಂದ ನಾನೇ ನನ್ನನ್ನು ಕರೆದೆ:
‘ಎಡೆಲ್ಮಿರಾ ನಗಿಲ್ ಅವರಿಗೆ:
ಕೆಯೋನಿನಲ್ಲಿ ತಂಗಿ ಒರ್ಫೆಲಿನಾಗೆ
ಬಹಳ ಹುಷಾರಿಲ್ಲ. ಕೂಡಲೇ ಬನ್ನಿ.’

ಇದು ಯಾರ ಭಾಷೆ?
ಅವಳದಾದರೆ ಒರ್ಫೆಲಿನಾ ಬದುಕಿದ್ದಾಳೆ,
ಜ್ವರದಲ್ಲಿ ನರ್ಸನ್ನು ಬೈಯುತ್ತಿದ್ದಾಳೆ.
ನನ್ನದಾದರೆ…
ನಿಜ ಬಿಟ್ಟು ಬೇರೇನನ್ನೂ ಬರೆಯದ ಆ ಹುಡುಗಿ
ನನಗಾಗಿ ಒಂದೇ ಒಂದು ಸಲ
ಬೆರಳು ತಡೆದು ಬರೆದಳೇ?

ಫೋನಿಗೆ ಜೀವ ಬಂತು. ಕೇಳಬಹುದಿತ್ತು.
ಕೇಳಲಿಲ್ಲ.
ಚೀಲಕ್ಕೆ ಉಣ್ಣೆಯ ಕಾಲುಚೀಲ ಹಾಕಿದೆ,
ಅವಳಿಗಿಷ್ಟದ ಹುಳಿ ಸೇಬು ಆರು,
ತಳದಲ್ಲಿ, ಕೈಗೆ ಸಿಗದ ಹಾಗೆ, ಕಪ್ಪು ಶಾಲು.

ಬಾಗಿಲಲ್ಲಿ ಯಾರೋ ಕುದುರೆ ತಂದು ನಿಲ್ಲಿಸಿದ್ದರು.
ಅವರ ಮುಖ ನೋಡದೆ ಹತ್ತಿದೆ.